ಅವರೆಯ ಬಂಧುಬಳಗ

ಮೈಸೂರು ಸೀಮೆಯ ರಾಗಿಯ ಹೊಲಗಳಲ್ಲಿ ಕೆಲವು ಸಾಲುಗಳಿಗೊಂದರಂತೆ ಅಕ್ಕಡಿ ಸಾಲು ಬಿಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಆ ಸಾಲಿನಲ್ಲಿ ಅವರೆಯೋ ತೊಗರಿಯೋ ಅಲಸಂದೆಯೋ ಬೆಳೆದಿರುತ್ತದೆ. ಹೊಲದ ಬದುವಿನ ಮೇಲೆ ಒಂದು ಹೊಂಗೆಯ ಮರ. ಅದರಾಚೆ, ಊರ ದಾರಿಯ ಪಕ್ಕದಲ್ಲಿ, ಮುದಿ ಹುಣಸೆ. ಕೆರೆಯ ಅಂಗಳದಲ್ಲಿ ಕರಿಜಾಲಿ. ಬೀಳು ನೆಲದಲ್ಲಿ ಹಳದಿ ಹೂ ಹೊತ್ತ ತಂಗಡಿ. ಕಾಲುದಾರಿಯ ಅಂಚಿನಲ್ಲಿ ಮುಟ್ಟಿದರೆ ಮುನಿ. ಒಂದು ಮೊಣಕಾಲೆತ್ತರಕ್ಕೂ ಬಾರದ ಗಿಡ, ಇನ್ನೊಂದು ಇಬ್ಬರು ಕೂಡಿ ತಬ್ಬಿದರೂ ತೋಳಿಗೆ ನಿಲುಕದ ಮರ, ಮತ್ತೊಂದು ಆಸರೆಯನ್ನು ಹುಡುಕಿ ಹಬ್ಬುವ ಬಳ್ಳಿ. ಇವುಗಳಲ್ಲಿ ಒಂದಕ್ಕೊಂದು ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನೋಡಿದವರಿಗೆ ತಟ್ಟನೆ ಉತ್ತರ ತೋಚದು. ಆದರೂ ಸಸ್ಯವಿಜ್ಞಾನಿಗಳ ಲೆಕ್ಕದಲ್ಲಿ ಇವೆಲ್ಲವೂ ಒಂದೇ ಕುಟುಂಬದವು. ಪಕ್ಕದ ಸಾಲಿನಲ್ಲೇ ನಿಂತು ಅದೇ ಮಳೆಯನ್ನು ಕುಡಿದ ರಾಗಿ ಮಾತ್ರ ಈ ಕುಟುಂಬಕ್ಕೆ ಪರಕೀಯ.

ಈ ಬಂಧುತ್ವದ ಗುರುತು ಕಾಯಿಯಲ್ಲಿದೆ. ಹಸಿ ಅವರೆಕಾಯನ್ನು ಅದರ ನಾರಿನುದ್ದಕ್ಕೆ ಮೆಲ್ಲನೆ ಸೀಳಿದರೆ ಕಾಳುಗಳೆಲ್ಲ ಒಂದೇ ಅಂಚಿಗೆ ತೊಟ್ಟಿನಿಂದ ಅಂಟಿಕೊಂಡಿರುವುದು ಕಾಣುತ್ತದೆ. ಹೋಳುಗಳನ್ನು ಬಿಡಿಸಿದಾಗ ಒಂದು ಕಾಳು ಎಡಹೋಳಿನಲ್ಲಿ ಉಳಿದರೆ ಮುಂದಿನದು ಬಲಹೋಳಿನಲ್ಲಿ ಉಳಿಯುತ್ತದೆ. ಒಂದು ಎಲೆಯನ್ನು ಉದ್ದಕ್ಕೆ ಮಡಿಚಿ ಅದರ ಎರಡು ಅಂಚುಗಳನ್ನು ಸೇರಿಸಿ ಹೊಲಿದು, ಹೊಲಿಗೆಯ ಇಕ್ಕೆಲದಲ್ಲಿಯೂ ಕಾಳು ಪೋಣಿಸಿದರೆ ಹೇಗಿದ್ದೀತೋ ಹಾಗೆ ಇದೆ ಈ ಕಾಯಿಯ ರಚನೆ. ಇಂಥ ಕಾಯಿ ಬಿಡುವ ಕಾಳಿನ ಬೆಳೆಗಳಿಗೆ ಲ್ಯಾಟಿನ್ ಭಾಷೆಯಲ್ಲಿ ಲೆಗ್ಯೂಮೆನ್ ಎಂದು ಹೆಸರು. ಅದರಿಂದ ಕುಟುಂಬಕ್ಕೆ ಲೆಗ್ಯುಮಿನೋಸೀ ಎಂಬ ಹೆಸರು ಬಂದಿತು.

ಮೂಲ ವಿನ್ಯಾಸ ಒಂದೇ ಆದರೂ ಅದು ತಳೆದಿರುವ ರೂಪಗಳು ಹಲವು. ಅವರೆ, ಹೆಸರು, ಉದ್ದುಗಳ ಕಾಯಿ ಒಣಗಿದಾಗ ಎರಡು ಹೋಳಾಗಿ ಸಿಡಿದು ಕಾಳನ್ನು ದೂರಕ್ಕೆಸೆಯುತ್ತದೆ. ಹುಣಸೆಯ ಕಾಯಿ ಸಿಡಿಯುವುದೇ ಇಲ್ಲ. ಹೋಳುಗಳ ಬದಲು ಹುಳಿಯಾದ ತಿರುಳನ್ನು ತುಂಬಿಕೊಂಡು ಪ್ರಾಣಿಗಳ ಬಾಯಿಗಾಗಿ ಕಾಯುತ್ತದೆ. ಕರಿಜಾಲಿಯ ಕಾಯಿ ಮಣಿಸರದಂತೆ ಬೀಜಬೀಜಕ್ಕೂ ಇಕ್ಕಟ್ಟಾಗಿರುತ್ತದೆ. ಹೊನ್ನೆಯ ಕಾಯಿ ದುಂಡಗೆ, ಸುತ್ತ ರೆಕ್ಕೆ ಕಟ್ಟಿಕೊಂಡು, ಗಾಳಿಯಲ್ಲಿ ತೇಲಿಹೋಗುತ್ತದೆ. ಮುತ್ತುಗದ ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಒಂದು ಬೀಜ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮರದಿಂದ ಮರಕ್ಕೆ ಹಬ್ಬುವ ಹಲ್ಲೆಕಾಯಿ ಬಳ್ಳಿಯ ಕಾಯಿ ಒಂದು ಮೀಟರಿಗೂ ಮೀರಿ ಉದ್ದ ಬೆಳೆಯುತ್ತದೆ. ಇವೆಲ್ಲಕ್ಕಿಂತ ವಿಚಿತ್ರವಾದುದು ಕಡಲೆಕಾಯಿ. ಹೂ ಬಿಡುವುದು ನೆಲದ ಮೇಲೆ. ಗರ್ಭಧಾರಣೆಯಾದ ಬಳಿಕ ಹೂವಿನ ಬುಡದಿಂದ ಒಂದು ಕಡ್ಡಿ ಹೊರಟು, ಕೆಳಮುಖವಾಗಿ ಬೆಳೆದು, ಮಣ್ಣನ್ನು ಹೊಕ್ಕು, ಕತ್ತಲಲ್ಲಿ ಕಾಯಾಗುತ್ತದೆ. ಕಡಲೆಕಾಯಿ ಬೇರಿನಲ್ಲಿ ಬಿಡುತ್ತದೆಂಬ ಮಾತು ಕೇಳಿಬರುವುದು ಇದರಿಂದಲೇ. ಸಿಪ್ಪೆ ಒಡೆದಾಗ ಅದು ಅವರೆಯಂತೆಯೇ ಎರಡು ಹೋಳಾಗುವುದನ್ನು ಕಂಡವರಿಗೆ ಅದರ ಮನೆತನದ ಬಗ್ಗೆ ಸಂಶಯ ಉಳಿಯದು.

ಹೀಗೆ ಸಸ್ಯಗಳ ಬಂಧುತ್ವವನ್ನು ಹುಡುಕಿ ಗುಂಪುಗೂಡಿಸುವುದೇಕೆ? ಜನ ಇಟ್ಟ ಹೆಸರುಗಳು ಸಾಲವೇ? ಜನರ ಹೆಸರುಗಳು ಸೊಗಸಾಗಿವೆ, ಬಳಕೆಗೆ ಒದಗುತ್ತವೆ. ಆದರೆ ಹಲವು ವೇಳೆ ದಾರಿ ತಪ್ಪಿಸುತ್ತವೆ. ಸೀಮೆಹುಣಸೆ ಹೆಸರಿಗೆ ಮಾತ್ರ ಹುಣಸೆ. ಅದರ ಹತ್ತಿರದ ನೆಂಟಸ್ತನವಿರುವುದು ಜಾಲಿಯ ಕಡೆಗೆ. ವಿಜಯದಶಮಿಯಂದು ಪೂಜೆಗೊಳ್ಳುವ ಬನ್ನಿಯೆಂಬ ಹೆಸರು ನಾಡಿನ ಬೇರೆ ಬೇರೆ ಭಾಗಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಮರಗಳಿಗೆ ಸಲ್ಲುತ್ತದೆ. ರಸ್ತೆಯಂಚಿನಲ್ಲಿ ಕಂಬದಂತೆ ನಿಲ್ಲುವ ಮರವನ್ನು ಅಶೋಕವೆಂದು ಕರೆಯುವವರು ಬಹುಮಂದಿ. ಅದು ಸೀತಾಫಲದ ಕುಟುಂಬಕ್ಕೆ ಸೇರಿದ್ದು. ಕೆಂಪು ಗೊಂಚಲು ಹೂ ಬಿಡುವ ನಿಜವಾದ ಅಶೋಕ ಅವರೆ-ಹುಣಸೆಗಳ ಬಳಗದ್ದು. ಯಾವುದು ಯಾವುದರ ಬಂಧು ಎಂಬುದು ತಿಳಿದರೆ, ಒಂದರ ಗುಣದಿಂದ ಇನ್ನೊಂದರ ಗುಣವನ್ನು ಊಹಿಸಬಹುದು. ವೈದ್ಯನಿಗೆ, ಬೇಸಾಯಗಾರನಿಗೆ, ಕಾಡನ್ನು ಕಾಯುವವನಿಗೆ ಇದರಿಂದ ಪ್ರಯೋಜನವುಂಟು.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಂದಿಗೆ ತಿಳಿದಿದ್ದ ಸಸ್ಯಗಳನ್ನೆಲ್ಲ 24 ವರ್ಗಗಳಲ್ಲಿ ಜೋಡಿಸಿದ್ದನು. ಹೂವಿನಲ್ಲಿರುವ ಕೇಸರಗಳನ್ನು ಎಣಿಸುವುದು, ಅವು ಬಿಡಿಯಾಗಿವೆಯೋ ಕೂಡಿವೆಯೋ ಎಂದು ನೋಡುವುದು, ಅದರಂತೆ ವರ್ಗವನ್ನು ಗೊತ್ತುಪಡಿಸುವುದು, ಇದು ಅವನ ಕ್ರಮ. ಲೆಕ್ಕ ಬಲ್ಲ ಯಾರು ಬೇಕಾದರೂ ಇದನ್ನು ಬಳಸಬಹುದಾಗಿತ್ತು. ಅದೇ ಅದರ ಹೆಗ್ಗಳಿಕೆ. ಆದರೆ ಫಲ ಏನಾಯಿತು? ಅವರೆಯ ಹೂವಿನಲ್ಲಿ ಹತ್ತು ಕೇಸರಗಳಿದ್ದು ಅವುಗಳಲ್ಲಿ ಒಂಬತ್ತು ಒಂದುಗೂಡಿ, ಹತ್ತನೆಯದು ಬೇರೆಯಾಗಿ ನಿಲ್ಲುವುದರಿಂದ ಅದು ಒಂದು ವರ್ಗಕ್ಕೆ ಹೋಯಿತು. ಕಕ್ಕೆಯ ಹತ್ತು ಕೇಸರಗಳು ಬಿಡಿಯಾಗಿರುವುದರಿಂದ ಅದು ಇನ್ನೊಂದು ವರ್ಗಕ್ಕೆ ಸೇರಿತು. ಮುಟ್ಟಿದರೆ ಮುನಿಯದು ಮತ್ತೂ ಬೇರೆ ಮನೆ. ಹುಣಸೆಯ ಹೂವಿನಲ್ಲಿ ಫಲವತ್ತಾದ ಕೇಸರಗಳು ಮೂರೇ ಮೂರು. ಮೂರು ಕೇಸರಗಳ ವರ್ಗದಲ್ಲಿ ಅದಕ್ಕೆ ಜೊತೆಯಾಗಿ ಸಿಕ್ಕಿದ್ದು ಕಬ್ಬು ಮತ್ತು ಗೋದಿ! ಹುಣಸೆಯ ಕಾಯನ್ನೊಮ್ಮೆ ಬಿಡಿಸಿ ನೋಡಿದ ಹಳ್ಳಿಯ ಹುಡುಗನೂ ಈ ಜೊತೆಯನ್ನು ಒಪ್ಪಲಾರನು. ತನ್ನ ಏರ್ಪಾಡು ಕೃತಕವೆಂಬುದನ್ನು ಲಿನೇಯಸನೂ ಬಲ್ಲವನೇ. ನಿಘಂಟಿನಲ್ಲಿ ಅಕ್ಷರಾನುಕ್ರಮವಿದ್ದಂತೆ, ಬೇಕಾದುದನ್ನು ಬೇಗ ಹುಡುಕಲು ಅದೊಂದು ಉಪಾಯವಾಗಿತ್ತು.

ಒಂದು ಅಂಗವನ್ನಲ್ಲ, ಗಿಡದ ಎಲ್ಲ ಲಕ್ಷಣಗಳನ್ನೂ ತೂಗಿನೋಡಿ ಸಹಜವಾದ ಕುಟುಂಬಗಳನ್ನು ಕಟ್ಟಬೇಕೆಂಬ ಪ್ರಯತ್ನ ಫ್ರಾನ್ಸಿನಲ್ಲಿ ಬಲಗೊಂಡಿತು. 1789ರಲ್ಲಿ ಜ್ಯೂಸೂ ಎಂಬ ವಿದ್ವಾಂಸನು ಪ್ರಕಟಿಸಿದ ನೂರು ಕುಟುಂಬಗಳ ಪಟ್ಟಿಯಲ್ಲಿ ಕಾಯಿಯ ಆಧಾರದ ಮೇಲೆ ಅವರೆ, ಹುಣಸೆ, ಮುಟ್ಟಿದರೆ ಮುನಿಗಳು ಒಂದೇ ಸೂರಿನಡಿಗೆ ಬಂದವು. ಮುಂದೆ ಇಂಗ್ಲೆಂಡಿನ ಜಾರ್ಜ್ ಬೆಂಥಮ್ ಮತ್ತು ಜೋಸೆಫ್ ಹೂಕರ್ ಇಬ್ಬರೂ ಸೇರಿ 1862ರಿಂದ 1883ರವರೆಗೆ ಮೂರು ಸಂಪುಟಗಳಲ್ಲಿ ಬರೆದ ಲ್ಯಾಟಿನ್ ಗ್ರಂಥ ಈ ಕುಟುಂಬಕ್ಕೆ ಖಚಿತವಾದ ರೂಪ ಕೊಟ್ಟಿತು. ಬೆಂಥಮ್ ಮೊದಲು ಕಾನೂನನ್ನು ಓದಿದವನು. ಆದರೆ ಅವನ ಆಯುಸ್ಸಿನ ಹೆಚ್ಚಿನ ಭಾಗ ಒಣಗಿಸಿದ ಗಿಡಗಳ ನಡುವೆ ಕಳೆಯಿತು. ಹೂಕರ್ ಹಿಮಾಲಯದಲ್ಲಿ ಅಲೆದು ಗಿಡಗಳನ್ನು ಸಂಗ್ರಹಿಸಿದವನು. ಮುಂದೆ ಬ್ರಿಟಿಷ್ ಭಾರತದ ಸಸ್ಯಸಂಪತ್ತನ್ನು ಕುರಿತ ಏಳು ಸಂಪುಟಗಳಿಗೆ ಸಂಪಾದಕನಾದವನು. ಭಾರತದ ಕಾಲೇಜುಗಳಲ್ಲಿ ಇವರ ಪದ್ಧತಿಯೇ ದೀರ್ಘಕಾಲ ಬೋಧನೆಯ ಆಧಾರವಾಗಿ ನಿಂತಿತು. ಇವರು ಕುಟುಂಬವನ್ನು ಒಂದಾಗಿಯೇ ಉಳಿಸಿಕೊಂಡು, ಹೂವಿನ ರೂಪವನ್ನು ನೋಡಿ ಅದರೊಳಗೆ ಮೂರು ಕವಲುಗಳನ್ನು ಮಾಡಿದರು.

ಮೊದಲನೆಯದು ಅವರೆಯ ಕವಲು. ಅವರೆಯ ಹೂ ರೆಕ್ಕೆ ಬಿಚ್ಚಿದ ಪಾತರಗಿತ್ತಿಯಂತೆ ಕಾಣುತ್ತದೆ. ಐದು ದಳಗಳಲ್ಲಿ ಮೇಲಿನದು ದೊಡ್ಡದಾಗಿ ಬಾವುಟದಂತೆ ಎದ್ದು ನಿಲ್ಲುತ್ತದೆ, ಅದು ಧ್ವಜದಳ. ಇಕ್ಕೆಲದ ಎರಡು ಪಕ್ಷದಳಗಳು. ಕೆಳಗಿನ ಎರಡು ದಳಗಳು ಒಂದಕ್ಕೊಂದು ಅಂಟಿಕೊಂಡು ಪುಟ್ಟ ದೋಣಿಯಾಗಿ, ಕೇಸರಗಳನ್ನೂ ಅಂಡಾಶಯವನ್ನೂ ಬಚ್ಚಿಟ್ಟುಕೊಳ್ಳುತ್ತವೆ. ಜೇನುನೊಣ ಬಂದು ಪಕ್ಷದಳದ ಮೇಲೆ ಕುಳಿತಾಗ ಅದರ ಭಾರಕ್ಕೆ ದೋಣಿ ತಗ್ಗುತ್ತದೆ, ಒಳಗಿನ ಕೇಸರ ಹೊರಬಂದು ನೊಣದ ಮೈಗೆ ಪರಾಗವನ್ನು ಸವರುತ್ತದೆ. ನೊಣ ಹಾರಿದೊಡನೆ ದೋಣಿ ಮೊದಲಿನ ಸ್ಥಾನಕ್ಕೆ ಬರುತ್ತದೆ. ಹೊಲದ ತೊಗರಿ, ಹುರುಳಿ, ಕಡಲೆ, ಹೆಸರು, ಉದ್ದು, ಅಲಸಂದೆ, ಕಡಲೆಕಾಯಿ, ತೋಟದ ಅಗಸೆ, ಬದುವಿನ ಹೊಂಗೆ, ಕಾಡಿನ ಬೀಟೆ, ಹೊನ್ನೆ, ಮುತ್ತುಗ, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಕದ ಕಲ್ಲಾಗಿದ್ದ ಗುಲಗಂಜಿ, ಇವೆಲ್ಲ ಈ ಕವಲಿನವು. ಅಡುಗೆಮನೆಯ ಬೇಳೆಯ ಡಬ್ಬಗಳೆಲ್ಲವನ್ನೂ ತುಂಬಿಸುವುದು ಇದೊಂದೇ.

ಮೂರನೆಯ ಕವಲನ್ನು ಎರಡನೆಯದಕ್ಕೆ ಮೊದಲೇ ನೋಡುವುದು ಸುಲಭ. ಅದು ಜಾಲಿಯದು. ಮುಟ್ಟಿದರೆ ಮುನಿಯ ನಸುಗೆಂಪು ಚೆಂಡಾಗಲಿ ಜಾಲಿಯ ಹಳದಿ ಚೆಂಡಾಗಲಿ ಒಂದು ಹೂವಲ್ಲ. ಹತ್ತಾರು ಸಣ್ಣ ಹೂಗಳ ಒತ್ತಾದ ಗೊಂಚಲು. ಒಂದೊಂದು ಹೂವಿನ ದಳಗಳೂ ಕಣ್ಣಿಗೆ ಬೀಳದಷ್ಟು ಚಿಕ್ಕವು. ಬಣ್ಣ ಬಂದಿರುವುದು ಹೊರಕ್ಕೆ ಚಾಚಿದ ಕೇಸರಗಳಿಂದ. ಬಾಗೆ, ಮಳೆಮರ, ಸೀಮೆಹುಣಸೆ, ತಲೆಗೆ ಉಜ್ಜುವ ಸೀಗೆ, ವೀಳ್ಯದ ಕಾಚನ್ನು ಕೊಡುವ ಕಗ್ಗಲಿ ಇವೂ ಇದರಲ್ಲಿ ಸೇರಿದವು.

ಇನ್ನು ಉಳಿದದ್ದು ನಡುವಣ ಕವಲು. ‘ಉಳಿದದ್ದು’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಪಾತರಗಿತ್ತಿಯ ಹೂವೂ ಅಲ್ಲದ, ಕೇಸರದ ಚೆಂಡೂ ಅಲ್ಲದ ಸಸ್ಯಗಳೆಲ್ಲವನ್ನೂ ಇದರಲ್ಲಿ ಇಡಲಾಯಿತು. ಬೇಸಗೆಯಲ್ಲಿ ಚಿನ್ನದ ಜಲ್ಲಿಯಂತೆ ಹೂ ಇಳಿಬಿಡುವ ಕಕ್ಕೆ, ತಂಗಡಿ, ಮಡಗಾಸ್ಕರ್ ದ್ವೀಪದಿಂದ ಬಂದು ಬೀದಿಬೀದಿಗಳನ್ನು ಕೆಂಪಾಗಿಸಿರುವ ಗುಲ್‌ಮೊಹರ್, ದನದ ಗೊರಸಿನಂತೆ ಎಲೆಯ ತುದಿ ಸೀಳಿರುವ ಬಸವನಪಾದ, ಹುಣಸೆ, ಅಶೋಕ ಇಲ್ಲಿ ಒಟ್ಟಾಗಿ ಕುಳಿತವು. ಇವುಗಳ ಹೂಗಳಲ್ಲಿ ಸಾಮ್ಯ ಅಷ್ಟಾಗಿ ಇಲ್ಲ. ಗುಲ್‌ಮೊಹರಿನಲ್ಲಿ ಐದು ದೊಡ್ಡ ದಳಗಳು. ಹುಣಸೆಯಲ್ಲಿ ಕೆಂಪು ಗೆರೆಗಳುಳ್ಳ ಮೂರು ದಳಗಳು ಮಾತ್ರ ಬೆಳೆದು ಉಳಿದೆರಡು ಕೂದಲೆಳೆಯಷ್ಟಾಗಿವೆ. ಅಶೋಕದಲ್ಲಿ ದಳಗಳೇ ಇಲ್ಲ, ಕೆಂಪಾಗಿ ಕಾಣುವುದು ಪುಷ್ಪಪಾತ್ರೆ.

ಅರಳಿದ ಹೂ ಸಂದೇಹವನ್ನುಂಟುಮಾಡಿದರೆ ಮೊಗ್ಗನ್ನು ಬಿಡಿಸಿ ನೋಡುವುದು ವಿದ್ವಾಂಸರ ರೂಢಿ. ಅವರೆಯ ಮೊಗ್ಗಿನಲ್ಲಿ ಮೇಲಿನ ದಳ ಎಲ್ಲಕ್ಕಿಂತ ಹೊರಗಿದ್ದು ಉಳಿದವನ್ನು ಹೊದಿಸಿಕೊಂಡಿರುತ್ತದೆ. ಕಕ್ಕೆ ಅಥವಾ ಗುಲ್‌ಮೊಹರಿನ ಮೊಗ್ಗಿನಲ್ಲಿ ಅದೇ ದಳ ಎಲ್ಲಕ್ಕಿಂತ ಒಳಗಿರುತ್ತದೆ. ಜಾಲಿಯ ಮೊಗ್ಗಿನಲ್ಲಿ ದಳಗಳು ಒಂದರ ಮೇಲೊಂದು ಹೊದೆಯದೆ ಅಂಚಿಗೆ ಅಂಚು ತಾಗಿಸಿ ನಿಂತಿರುತ್ತವೆ. ಒಂದು ಸೂಜಿ, ಒಂದು ಮಸೂರ, ಸ್ವಲ್ಪ ತಾಳ್ಮೆ ಇದ್ದವರು ಯಾರೂ ಇದನ್ನು ಪರೀಕ್ಷಿಸಬಹುದು. ಮೆಡಿಟರೇನಿಯನ್ ತೀರದ ಸರ್ಸಿಸ್ ಎಂಬ ಮರದ ಹೂ ಹೊರನೋಟಕ್ಕೆ ಅಚ್ಚ ಅವರೆಯ ಹೂವೇ. ಆದರೆ ಅದರ ಮೇಲಿನ ದಳ ಒಳಗಡೆ ಅಡಗಿರುವುದರಿಂದ ಅದರ ಗುಟ್ಟು ಬಯಲಾಗುತ್ತದೆ. ಅದು ಬಸವನಪಾದದ ನೆಂಟ.

ಈ ಕುಟುಂಬದ ಕೀರ್ತಿಗೆ ಹೂವಿಗಿಂತಲೂ ಹೆಚ್ಚಿನ ಕಾರಣ ನೆಲದೊಳಗಿದೆ. ಅವರೆಯ ಗಿಡವನ್ನು ಮೆಲ್ಲನೆ ಕಿತ್ತು ಬೇರಿನ ಮಣ್ಣನ್ನು ತೊಳೆದರೆ ಸಾಸಿವೆ ಕಾಳಿನಷ್ಟು, ಕೆಲವೊಮ್ಮೆ ಅದಕ್ಕೂ ದೊಡ್ಡ, ಗಂಟುಗಳು ಕಾಣುತ್ತವೆ. ಅವುಗಳಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಬಳಕೆಯಾಗುವ ರೂಪಕ್ಕೆ ತರುತ್ತವೆ. ಗಿಡ ಅವುಗಳಿಗೆ ಸಕ್ಕರೆಯನ್ನು ಒದಗಿಸುತ್ತದೆ. 1888ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಈ ಕ್ರಿಯೆಯನ್ನು ಪ್ರಯೋಗಗಳಿಂದ ಸಿದ್ಧಪಡಿಸಿ ಪ್ರಕಟಿಸಿದರು. ಅದೇ ವರ್ಷ ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದನು. ರಾಗಿಯ ನಡುವೆ ಅವರೆಯ ಸಾಲು ಬಿಟ್ಟ ರೈತರಿಗೆ ಸಾರಜನಕದ ಹೆಸರು ತಿಳಿದಿರಲಿಲ್ಲವಾದರೂ ಕಾಳಿನ ಬೆಳೆಯಿಂದ ನೆಲ ಹದಗೊಳ್ಳುವುದೆಂಬುದು ತಿಳಿದಿತ್ತು.

ಆದರೆ ಈ ಗಂಟುಗಳು ಕುಟುಂಬದ ಎಲ್ಲ ಸಸ್ಯಗಳಲ್ಲಿಯೂ ಇಲ್ಲ. ಅವರೆಯ ಕವಲಿನಲ್ಲಿ ಹೆಚ್ಚಿನವುಗಳಿಗೆ ಉಂಟು. ಜಾಲಿಯ ಕವಲಿನಲ್ಲಿಯೂ ಹೆಚ್ಚಿನವುಗಳಿಗೆ ಉಂಟು. ನಡುವಣ ಕವಲಿಗೆ ಬಂದರೆ ಹುಣಸೆಗಿಲ್ಲ, ಬಸವನಪಾದಕ್ಕಿಲ್ಲ, ಕಕ್ಕೆಗಿಲ್ಲ. ಎಲ್ಲಿಯೋ ಕೆಲವಕ್ಕೆ ಮಾತ್ರ ಇದೆ. ಈ ಏರುಪೇರು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಮನೆಯೊಳಗೆ ಪಾಲಿನ ಜಗಳ ಹುಟ್ಟಿತು. ಮೂರು ಕವಲುಗಳ ನಡುವಣ ವ್ಯತ್ಯಾಸ ಇಷ್ಟಿರುವಾಗ ಅವನ್ನು ಮೂರು ಬೇರೆ ಕುಟುಂಬಗಳೆಂದೇ ಎಣಿಸಬಾರದೇಕೆ ಎಂದು ಕೆಲವರು ವಾದಿಸಿದರು. ಇಂಗ್ಲೆಂಡಿನ ಹಚಿನ್ಸನ್ 1926ರಲ್ಲಿಯೂ ಅಮೆರಿಕದ ಕ್ರಾಂಕ್ವಿಸ್ಟ್ 1981ರಲ್ಲಿಯೂ ಹಾಗೆಯೇ ಮಾಡಿದರು. ಇದರಿಂದ ಒಂದು ತೊಡಕು ಉಂಟಾಯಿತು. ಯೂರೋಪಿನ ಫಾಬ ಎಂಬ ಅವರೆಜಾತಿಯ ಕಾಳಿನಿಂದ ಬಂದ ಫ್ಯಾಬೇಸೀ ಎಂಬ ಹೆಸರನ್ನು ಇಡೀ ಕುಟುಂಬಕ್ಕೆ ಲೆಗ್ಯುಮಿನೋಸೀಯ ಬದಲಾಗಿ ಬಳಸಲು ಸಸ್ಯಗಳ ನಾಮಕರಣ ನಿಯಮಗಳಲ್ಲಿ ಅವಕಾಶವುಂಟು. ಕುಟುಂಬವನ್ನು ಮೂರಾಗಿ ಒಡೆದವರು ಅದೇ ಹೆಸರನ್ನು ಅವರೆಯ ಕವಲಿಗೆ ಮಾತ್ರ ಇಟ್ಟರು. ಹೀಗಾಗಿ ಹುಣಸೆ ಫ್ಯಾಬೇಸೀ ಕುಟುಂಬದ್ದೆಂದು ಒಂದು ಪುಸ್ತಕ ಹೇಳಿದರೆ ಅಲ್ಲವೆಂದು ಇನ್ನೊಂದು ಹೇಳಿತು. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ; ಪೇಚಿಗೆ ಸಿಕ್ಕವರು ವಿದ್ಯಾರ್ಥಿಗಳು.

ಒಂದೋ ಮೂರೋ ಎಂಬ ಈ ಚರ್ಚೆಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇತ್ತು. ನಡುವಣ ಕವಲು ನಿಜವಾಗಿ ಒಂದು ಕವಲೇ? ‘ಇದೂ ಅಲ್ಲ, ಅದೂ ಅಲ್ಲ’ ಎಂಬುದರಿಂದ ಯಾರೂ ಒಡಹುಟ್ಟಿದವರಾಗುವುದಿಲ್ಲ. ಊರಿನಲ್ಲಿ ಕಮ್ಮಾರರನ್ನೂ ಕುಂಬಾರರನ್ನೂ ಬಿಟ್ಟು ಉಳಿದವರೆಲ್ಲ ಒಂದೇ ಮನೆಯವರೆಂದು ಬರೆದುಕೊಂಡರೆ ಹೇಗೆ? ಹಲವು ವಿದ್ವಾಂಸರಿಗೆ ಈ ಅನುಮಾನವಿದ್ದಿತಾದರೂ ಹೂವು, ಎಲೆ, ಕಾಯಿಗಳ ಸಾಕ್ಷ್ಯ ಮಾತ್ರದಿಂದ ಅದನ್ನು ತೀರ್ಮಾನಿಸುವುದು ಕಷ್ಟವಾಗಿತ್ತು.

ಹೊಸ ಸಾಕ್ಷ್ಯ ದೊರೆತದ್ದು ಜೀವಕೋಶದೊಳಗಿನ ಡಿಎನ್ಎಯಿಂದ. ಅದನ್ನು ಓದುವ ಕ್ರಮ ಕನ್ನಡದ ಹಳೆಯ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರ ಕ್ರಮಕ್ಕೆ ಬಹಳ ಹತ್ತಿರವಾದುದು. ಒಂದು ಕಾವ್ಯದ ಹತ್ತು ಓಲೆಯ ಪ್ರತಿಗಳು ದೊರೆತಿವೆಯೆನ್ನೋಣ. ಕವಿಯ ಕೈಬರಹ ಯಾವಾಗಲೋ ಹೋಗಿದೆ. ಪ್ರತಿಕಾರರು ನಕಲು ಮಾಡುವಾಗ ಅಲ್ಲಲ್ಲಿ ತಪ್ಪಿದ್ದಾರೆ. ಮೂರು ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಬಗೆಯ ತಪ್ಪಿದ್ದರೆ ಆ ಮೂರೂ ಒಂದೇ ಹಳೆಯ ಪ್ರತಿಯಿಂದ ಇಳಿದುಬಂದವೆಂದು ಸಂಪಾದಕರು ನಿಶ್ಚಯಿಸುತ್ತಾರೆ. ಓಲೆಯ ಅಳತೆ, ಅಕ್ಷರದ ಅಂದ ಇವು ಮೋಸ ಮಾಡಬಹುದು. ಹಂಚಿಕೊಂಡ ತಪ್ಪು ಸಾಮಾನ್ಯವಾಗಿ ಮೋಸ ಮಾಡದು. ಗಿಡದ ಎಲೆಯ ಹಸಿರುಕಣಗಳಲ್ಲಿಯೂ ಇಂಥ ಬರಹವಿದೆ. ಅದರಲ್ಲಿ ಮ್ಯಾಟ್‌ಕೆ ಎಂಬ ಭಾಗ ಸುಮಾರು 1,500 ‘ಅಕ್ಷರ’ಗಳಷ್ಟು ಉದ್ದ. ತಲೆಮಾರಿನಿಂದ ತಲೆಮಾರಿಗೆ ಅದು ನಕಲಾಗುವಾಗ ಅಪರೂಪಕ್ಕೊಮ್ಮೆ ಒಂದಕ್ಷರ ಬದಲಾಗುತ್ತದೆ, ಆ ಬದಲಾವಣೆ ಮುಂದಿನ ಸಂತತಿಗೆಲ್ಲ ಬಳುವಳಿಯಾಗಿ ಹೋಗುತ್ತದೆ.

1990ರ ದಶಕದಿಂದ ಇಂಥ ಬರಹಗಳನ್ನು ಹೋಲಿಸುವ ಕೆಲಸ ಹಲವು ದೇಶಗಳಲ್ಲಿ ನಡೆಯಿತು. 2017ರಲ್ಲಿ ಈ ಕುಟುಂಬವನ್ನೇ ಅಭ್ಯಾಸ ಮಾಡುವ ಹಲವು ದೇಶಗಳ ವಿದ್ವಾಂಸರು ಕೂಡಿ, 3,696 ಪ್ರಭೇದಗಳ ಮ್ಯಾಟ್‌ಕೆ ಬರಹವನ್ನು ಹೋಲಿಸಿ, ಒಮ್ಮತದ ಹೊಸ ವಿಂಗಡಣೆಯನ್ನು ಪ್ರಕಟಿಸಿದರು. ಪ್ರಭೇದವೆಂದರೆ ಹೆಸರುಕಾಳು, ಉದ್ದು ಇದ್ದ ಹಾಗೆ ಒಂದೊಂದು ಬಗೆಯ ಸಸ್ಯ. ಹತ್ತಿರದ ಪ್ರಭೇದಗಳು ಕೂಡಿದರೆ ಒಂದು ಜಾತಿ. ಅವರ ಲೆಕ್ಕದಂತೆ ಈ ಕುಟುಂಬದಲ್ಲಿ 765 ಜಾತಿಗಳೂ ಸುಮಾರು 19,500 ಪ್ರಭೇದಗಳೂ ಇವೆ. ಹೂ ಬಿಡುವ ಸಸ್ಯಗಳಲ್ಲಿ ಸೂರ್ಯಕಾಂತಿಯ ಕುಟುಂಬ ಮತ್ತು ಸೀತಾಳೆಯ ಕುಟುಂಬ ಎರಡು ಮಾತ್ರ ಇದಕ್ಕಿಂತ ದೊಡ್ಡವು.

ಫಲಿತಾಂಶ ಹಳೆಯ ಮೂರು ಕವಲುಗಳನ್ನು ಅಲುಗಾಡಿಸಿತು. ಕುಟುಂಬ ಒಂದೇ ಎಂಬುದು ಗಟ್ಟಿಯಾಯಿತು. ಕಾಯಿಯ ಸಾಕ್ಷ್ಯ ಸುಳ್ಳಾಗಲಿಲ್ಲ. ಅವರೆಯ ಕವಲೂ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಒಟ್ಟು ಪ್ರಭೇದಗಳಲ್ಲಿ ಸುಮಾರು 14,000 ಇದಕ್ಕೆ ಸೇರಿದವು. ನಡುವಣ ಕವಲು ಮಾತ್ರ ಒಡೆದು ಚೂರಾಯಿತು. ಬಸವನಪಾದ, ಸರ್ಸಿಸ್‌ಗಳು ಒಂದು ಉಪಕುಟುಂಬವಾದವು. ಹುಣಸೆಯೂ ಅಶೋಕವೂ ಇನ್ನೊಂದಾದವು. ಇನ್ನೆರಡು ಚಿಕ್ಕವು, ಅವುಗಳಲ್ಲಿ ಒಂದರಲ್ಲಿರುವುದು ಪಶ್ಚಿಮ ಆಫ್ರಿಕದ ಒಂದೇ ಒಂದು ಪ್ರಭೇದ. ಕಕ್ಕೆ, ತಂಗಡಿ, ಗುಲ್‌ಮೊಹರ್‌ಗಳಿಗೆ ದೊರೆತ ಸಂಗಾತಿಗಳು ಯಾವುವು? ಜಾಲಿ ಮತ್ತು ಮುಟ್ಟಿದರೆ ಮುನಿ! ಜಾಲಿಯ ಬಳಗವೆಲ್ಲ ಈ ಕೊಂಬೆಯ ಒಂದು ರೆಂಬೆಯೆಂದು ತಿಳಿದುಬಂದಿತು. ಹೂವಿನಲ್ಲಿ ಅಷ್ಟೊಂದು ಬೇರೆಯಾಗಿ ಕಾಣುವ ತಂಗಡಿ ಹುಣಸೆಗಿಂತ ಜಾಲಿಗೇ ಹತ್ತಿರದ ಬಂಧು. ಒಟ್ಟಿನಲ್ಲಿ ಮೂರರ ಬದಲು ಆರು ಉಪಕುಟುಂಬಗಳಾದವು.

ಹೂವಿನ ಸಾಕ್ಷ್ಯ ಏಕೆ ಎಡವಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಹೂ ಇರುವುದು ಜೇನುನೊಣ, ಹಕ್ಕಿ, ಬಾವಲಿಗಳನ್ನು ಕರೆಯಲು. ಅತಿಥಿ ಬದಲಾದಂತೆ ಆತಿಥ್ಯವೂ ಬದಲಾಗುತ್ತದೆ. ದೂರದ ಬಂಧುಗಳು ಒಂದೇ ಉಡುಪು ತೊಡಬಹುದು, ಹತ್ತಿರದವರು ಬೇರೆ ತೊಡಬಹುದು. ಬೇರಿನ ಗಂಟುಗಳ ಒಗಟೂ ಇದರಿಂದ ಅರ್ಧ ಬಿಡಿಸಿದಂತಾಯಿತು. ಗಂಟುಗಳಿರುವ ಸಸ್ಯಗಳೆಲ್ಲವೂ ಆರು ಉಪಕುಟುಂಬಗಳಲ್ಲಿ ಎರಡರಲ್ಲಿ ಮಾತ್ರ, ಅಂದರೆ ಅವರೆಯದರಲ್ಲಿ ಮತ್ತು ಜಾಲಿ-ತಂಗಡಿಗಳದರಲ್ಲಿ, ಇವೆ. ಉಳಿದ ನಾಲ್ಕರಲ್ಲಿ ಎಲ್ಲಿಯೂ ಇಲ್ಲ. ಹುಣಸೆಯ ಬುಡದಲ್ಲಿ ಗಂಟನ್ನು ಹುಡುಕುವುದು ಏಕೆ ವ್ಯರ್ಥವೆಂಬುದನ್ನು ಅದರ ವಂಶಾವಳಿಯೇ ಹೇಳುತ್ತದೆ. ತಂಗಡಿಯೂ ಕಕ್ಕೆಯೂ ಗಂಟುಳ್ಳ ಬಂಧುಗಳ ನಡುವೆ ಇದ್ದೂ ಗಂಟಿಲ್ಲದೆ ಇವೆ.

ಉಪಕುಟುಂಬಗಳ ಬದಲಾವಣೆಯನ್ನು ಜಗತ್ತು ಶಾಂತವಾಗಿ ಒಪ್ಪಿಕೊಂಡಿತು. ಆದರೆ ಅದಕ್ಕೂ ಕೆಲವು ವರ್ಷಗಳ ಮುಂಚೆ ಜಾಲಿಯ ಹೆಸರೊಂದು ದೊಡ್ಡ ವಿವಾದಕ್ಕೆ ಎಡೆಮಾಡಿತ್ತು. ಜಾಲಿ ಮತ್ತು ಅದರಂತಿರುವ ಮರಗಳ ಜಾತಿಗೆ ಅಕೇಶಿಯ ಎಂದು ಹೆಸರು. 1754ರಲ್ಲಿ ಲಂಡನ್ನಿನ ತೋಟಗಾರ ಫಿಲಿಪ್ ಮಿಲ್ಲರ್ ಅದನ್ನು ಬಳಕೆಗೆ ತಂದನು. ಮುಳ್ಳು ಎಂಬರ್ಥದ ಗ್ರೀಕ್ ಶಬ್ದದಿಂದ ಬಂದ ಆ ಹೆಸರು ಮೂಲದಲ್ಲಿ ನೈಲ್ ನದಿಯ ದಡದ ಮರದ್ದು, ಅದು ಕರಿಜಾಲಿಯೇ. 1842ರಲ್ಲಿ ಬೆಂಥಮ್, ಎಣಿಸಲಾಗದಷ್ಟು ಬಿಡಿ ಕೇಸರಗಳುಳ್ಳ ಮರಗಳಿಗೆಲ್ಲ ಈ ಹೆಸರನ್ನು ನಿಗದಿಗೊಳಿಸಿದನು. ಹೀಗೆ ಬೆಳೆದ ಅಕೇಶಿಯದಲ್ಲಿ ಒಂದು ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳು ಸೇರಿದವು. ಅವುಗಳಲ್ಲಿ ಸುಮಾರು ಒಂದು ಸಾವಿರ ಆಸ್ಟ್ರೇಲಿಯದವು. ಅವು ಹೆಚ್ಚಾಗಿ ಮುಳ್ಳಿಲ್ಲದವು.

ಸಂಶೋಧನೆ ಮುಂದುವರಿದಂತೆ ಆಸ್ಟ್ರೇಲಿಯದ ಅಕೇಶಿಯಗಳೂ ಆಫ್ರಿಕ-ಏಷ್ಯಗಳ ಜಾಲಿಗಳೂ ಒಂದೇ ವಂಶದವಲ್ಲವೆಂದು ಸಿದ್ಧವಾಯಿತು. ಜಾತಿಯನ್ನು ಒಡೆಯಲೇಬೇಕು; ಹೆಸರು ಯಾರ ಪಾಲಿಗೆ? ನಾಮಕರಣದ ನಿಯಮದಂತೆ ಹೆಸರು ಮೂಲ ಮಾದರಿಯ ಜೊತೆಗೆ ಉಳಿಯಬೇಕು. ಮಾದರಿ ಕರಿಜಾಲಿ. ಹಾಗಾದರೆ ಆಸ್ಟ್ರೇಲಿಯದವರು ಸಾವಿರದಷ್ಟು ಹೆಸರುಗಳನ್ನು ಬದಲಾಯಿಸಬೇಕಾಗುತ್ತಿತ್ತು. ಅವರ ರಾಷ್ಟ್ರಪುಷ್ಪವೂ ಒಂದು ಅಕೇಶಿಯವೇ. ಮಾದರಿಯನ್ನೇ ಬದಲಿಸಿ ಆಸ್ಟ್ರೇಲಿಯದ ಒಂದು ಪ್ರಭೇದವನ್ನು ಅದರ ಸ್ಥಾನದಲ್ಲಿ ಇಡಬೇಕೆಂಬ ಸೂಚನೆ ಬಂದಿತು. 2005ರಲ್ಲಿ ವಿಯೆನ್ನಾದಲ್ಲಿ ಕೂಡಿದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಇದು ಮತಕ್ಕೆ ಬಿತ್ತು. ಅರ್ಧಕ್ಕಿಂತ ಹೆಚ್ಚು ಮತಗಳು ಸೂಚನೆಯ ವಿರುದ್ಧವಾಗಿಯೇ ಬಂದವು. ಆದರೆ ಸಮಿತಿಯ ಶಿಫಾರಸನ್ನು ತಳ್ಳಿಹಾಕಲು ನೂರಕ್ಕೆ 60ರಷ್ಟು ಮತಗಳು ಬೇಕೆಂದಿದ್ದುದರಿಂದ ಸೂಚನೆ ಉಳಿದುಕೊಂಡಿತು. ಆಫ್ರಿಕದ ವಿದ್ವಾಂಸರಲ್ಲಿ ಹಲವರಿಗೆ ಇದು ಅನ್ಯಾಯವೆಂದು ತೋರಿತು. ಅವರ ಹುಲ್ಲುಗಾವಲಿನ ಮರದ ಹೆಸರು ಹೆಚ್ಚಿನ ಸಂಖ್ಯೆಯ ಬಲದಿಂದ ಕೈಬಿಟ್ಟುಹೋಗಿತ್ತು. 2011ರಲ್ಲಿ ಮೆಲ್ಬರ್ನ್ ನಗರದ ಸಮ್ಮೇಳನ ಮತ್ತೆ ಚರ್ಚೆ ನಡೆಸಿ ಅದೇ ತೀರ್ಮಾನವನ್ನು ಎತ್ತಿಹಿಡಿಯಿತು. ಮುಳ್ಳೆಂಬ ಅರ್ಥದ ಹೆಸರು ಬಹುಪಾಲು ಮುಳ್ಳಿಲ್ಲದ ಮರಗಳಿಗೆ ಉಳಿದದ್ದು ವಿನೋದವೇ ಸರಿ.

ಇದರ ಪರಿಣಾಮ ಕರ್ನಾಟಕದಲ್ಲಿಯೂ ಕಾಣುತ್ತದೆ. ಮಲೆನಾಡಿನ ನೆಡುತೋಪುಗಳಲ್ಲಿಯೂ ರಸ್ತೆಗಳ ಅಂಚಿನಲ್ಲಿಯೂ ಬೆಳೆಸಿರುವ, ಜನರು ಅಕೇಶಿಯವೆಂದೇ ಕರೆಯುವ ಮರ ಆಸ್ಟ್ರೇಲಿಯ ಸೀಮೆಯಿಂದ ಬಂದದ್ದು. ಅದರ ಹೆಸರು ಭದ್ರವಾಗಿ ಉಳಿಯಿತು. ಕೆರೆಯಂಗಳದ ಕರಿಜಾಲಿಯೂ ಬಯಲಿನ ಬಿಳಿಜಾಲಿಯೂ ವಾಚೆಲಿಯ ಎಂಬ ಜಾತಿಗೆ ಹೋದವು. ಸೀಗೆ, ಕಗ್ಗಲಿಗಳು ಸೆನೆಗಾಲಿಯ ಜಾತಿಗೆ ಸೇರಿದವು. ವಾಚೆಲಿಯ ಎಂಬುದು ಹೊಸದಾಗಿ ಕಟ್ಟಿದ ಹೆಸರಲ್ಲ. ರಾಬರ್ಟ್ ವೈಟ್ ಮತ್ತು ಆರ್ನಟ್ ಎಂಬ ವಿದ್ವಾಂಸರು 1834ರಲ್ಲಿ ದಕ್ಷಿಣ ಭಾರತದ ಸಸ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿಯೇ ಅದು ಮೊದಲು ಕಾಣಿಸಿಕೊಂಡಿತ್ತು. ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಮೂಲೆಗುಂಪಾಗಿದ್ದು ಮತ್ತೆ ಎದ್ದು ಬಂದಿತು. ಅಮೆರಿಕ ಖಂಡದಿಂದ ಬಂದು ಬಯಲುಸೀಮೆಯನ್ನೆಲ್ಲ ಆವರಿಸಿರುವ ಬಳ್ಳಾರಿ ಜಾಲಿ ಹಿಂದೆಯೂ ಈ ಜಾಲಿಗಳ ಜಾತಿಯದಾಗಿರಲಿಲ್ಲ. ಬನ್ನಿಯ ಮರಗಳಲ್ಲಿ ಒಂದಾದ ಶಮಿಯೊಡನೆ ಪ್ರೊಸೋಪಿಸ್ ಜಾತಿಯಲ್ಲಿದ್ದ ಅದನ್ನು 2022ರಲ್ಲಿ ನೆಲ್ಟುಮ ಎಂಬ ಬೇರೆ ಜಾತಿಗೆ ಸೇರಿಸಲಾಯಿತು.

ಹೆಸರು ಬದಲಾದಾಗ ಸಸ್ಯಸಂಗ್ರಹಾಲಯಗಳಲ್ಲಿ ಹಳೆಯ ಚೀಟಿಯನ್ನು ಕಿತ್ತುಹಾಕುವುದಿಲ್ಲ. ಒಣಗಿಸಿದ ರೆಂಬೆಯನ್ನು ಅಂಟಿಸಿರುವ ದಪ್ಪ ಕಾಗದದ ಮೇಲೆ, ಅದರ ಪಕ್ಕದಲ್ಲಿಯೇ, ಹೊಸ ಹೆಸರು, ಅದನ್ನು ನಿರ್ಧರಿಸಿದವರ ಹೆಸರು ಮತ್ತು ವರ್ಷವನ್ನು ಬರೆದ ಇನ್ನೊಂದು ಚೀಟಿಯನ್ನು ಅಂಟಿಸುತ್ತಾರೆ. ಕರಿಜಾಲಿಯ ಹಳೆಯ ಹಾಳೆಯೊಂದರಲ್ಲಿ ಅಕೇಶಿಯ ಅರಾಬಿಕ ಎಂದು ಒಂದು ಚೀಟಿ, ಅಕೇಶಿಯ ನೈಲೋಟಿಕ ಎಂದು ಮತ್ತೊಂದು, ವಾಚೆಲಿಯ ನೈಲೋಟಿಕ ಎಂದು ಇನ್ನೊಂದು, ಹೀಗೆ ಒಂದರ ಕೆಳಗೊಂದು ಇರಬಹುದು. ಅವುಗಳ ಮೇಲ್ಗಡೆ, ಬಣ್ಣಗೆಟ್ಟ ಹೂವಿನ ಚೆಂಡುಗಳೂ ಮಣಿಸರದಂಥ ಒಂದು ಕಾಯಿಯೂ ದಾರದ ಹೊಲಿಗೆಯಲ್ಲಿ ಮೊದಲಿದ್ದಂತೆಯೇ ಇರುತ್ತವೆ.